ಭುವನಾಳ ಭಾಷಣ ನಿಲ್ಲಿಸಿದವನು ನಾನು

ಭುವನಾ ಮೈಕಿನ ವೈರ್ ಎಳೆದಿರಲಿಲ್ಲ. ಮೈಕ್ ಹಾಳಾಗಿರಲಿಲ್ಲ. ಕರೆಂಟೂ ಹೋಗಿರಲಿಲ್ಲ. ಎಂಟನೇ ತರಗತಿಯ ಆ ಹುಡುಗಿ ನಮ್ಮ ಶಾಲೆಯ ಮೈದಾನದಲ್ಲಿ ಅಷ್ಟು ಜನರ ಮುಂದೆ ಮಾತಾಡುತ್ತಿದ್ದಾಗ ಅವಳ ಧ್ವನಿ ನಿಲ್ಲಿಸಿದ್ದು ನಾನು — ಬೇಕೆಂದೇ, ನನ್ನ ಈ ಬಲಗೈಯಿಂದ. ಆಮೇಲೆ ತಪ್ಪನ್ನು ಅವಳ ತಲೆಗೆ ಕಟ್ಟಿದ್ದೂ ನಾನೇ.

ಶಾಲೆಯ ಸಂಚಿಕೆಯಲ್ಲಿ ಇಂಥದ್ದನ್ನು ಯಾರೂ ಬರೆಯುವುದಿಲ್ಲ ಅಂತ ನನಗೆ ಗೊತ್ತು. ಹೆಡ್ ಮೇಡಂ ಕೇಳಿದ್ದೇ ಬೇರೆ. “ನಾಗರಾಜಣ್ಣ, ಈ ಸಲ ನಿಮ್ದೂ ಎರಡು ಪುಟ ಇರ್ಲಿ. ಮಕ್ಕಳ ಚಟುವಟಿಕೆ ಬಗ್ಗೆ, ಊರಿನವರ ಸಹಕಾರದ ಬಗ್ಗೆ. ನೀವು ಎಲ್ಲಾ ಕಾರ್ಯಕ್ರಮದಲ್ಲೂ ಇದ್ದೋರಲ್ವ” ಅಂದರು. ಇದ್ದೆ, ನಿಜ. ಮಕ್ಕಳ ಸಂತೆಯಲ್ಲಿ ಹುಡುಗರು ಮೂಲಂಗಿ, ಕೊತ್ತಂಬರಿ ಹರಡಿಕೊಂಡು ಕೂತಾಗ ಮೈಕಿನಲ್ಲಿ ದರ ಕೂಗಿಸಿದ್ದು ನನ್ನ ಹಾರನ್ನಿನಲ್ಲೇ. ಶಾಲಾ ಸಂಸತ್ತಿನ ಚುನಾವಣೆ, ಕ್ರೀಡಾಕೂಟ, ಧ್ವಜ ಏರಿಸುವ ದಿನ — ಭದ್ರಾವತಿ ಹಳೇನಗರದ ನನ್ನ ಅಂಗಡಿಯಿಂದ ಮೈಕ್‌ಸೆಟ್ ಬಾರದೆ ನಮ್ಮ ಶಾಲೆಯಲ್ಲಿ ಒಂದು ಪ್ರಾರ್ಥನೆಯೂ ದೊಡ್ಡದಾಗಿ ನಡೆದಿಲ್ಲ. ಬಾಡಿಗೆ ತೆಗೆದುಕೊಂಡವನಲ್ಲ. ಅದರ ಬದಲು ನನಗೊಂದು ಶಾಲು, ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳು ಅಂತ ಹೆಸರು, ಪೋಷಕರ ಸಮಿತಿಯಲ್ಲಿ ಒಂದು ಕುರ್ಚಿ. ಆ ಕುರ್ಚಿ ನನಗೆ ಬಹಳ ಇಷ್ಟವಾಗಿತ್ತು. ಎಷ್ಟು ಇಷ್ಟ ಅಂದರೆ — ಅದಕ್ಕೇ ಬರುತ್ತೇನೆ.

ನಾನು ಓದಿದ್ದು ಏಳನೇ ತರಗತಿವರೆಗೆ. ಅದೂ ಪೂರ್ತಿ ಅಲ್ಲ. ಮನೆಯಲ್ಲಿ ದುಡಿಯುವವರು ಬೇಕಾಗಿತ್ತು, ನನಗೂ ಲೆಕ್ಕದ ಮೇಷ್ಟ್ರ ಕೋಲು ಸಾಕಾಗಿತ್ತು, ಎರಡೂ ನಿಜ. ಮದುವೆ ಮನೆಗಳಿಗೆ ಮೈಕ್ ಹಾಕುವವರ ಹಿಂದೆ ಸೈಕಲ್ ಮೇಲೆ ಹಾರನ್ ಹೊತ್ತು ತಿರುಗಿದೆ. ಬೆಸುಗೆ ಹಾಕಲು ಕಲಿತೆ, ಸ್ವಂತ ಆಂಪ್ಲಿಫೈಯರ್ ಜೋಡಿಸಿದೆ, ಅಂಗಡಿ ಮಾಡಿದೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ ಅಂತ ಈಗ ಬರೆಯುತ್ತಿದ್ದೇನೆ. ಆದರೆ ಸಮಿತಿಗೆ ಸೇರಿದ ದಿನ ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನವರು “ನಿಮ್ದು ಎಲ್ಲೀವರೆಗೆ ಆಗಿದೆ?” ಅಂತ ಸುಮ್ಮನೆ ಕೇಳಿದಾಗ ನಾನು “ಎಸ್‌ಎಸ್‌ಎಲ್‌ಸಿ” ಅಂದುಬಿಟ್ಟೆ. ಅವರು ತಲೆಯಾಡಿಸಿ ಚಹಾ ಕುಡಿದರು. ಅವರಿಗೆ ಅದು ಅಲ್ಲಿಗೇ ಮರೆತುಹೋಗಿರಬೇಕು. ನಾನು ಮಾತ್ರ ಆ ಸುಳ್ಳನ್ನು ಬೀಳದ ಹಾಗೆ ಹಿಡಿದುಕೊಂಡೇ ತಿರುಗಿದೆ.

ನಮ್ಮ ಕಸುಬಿನ ಒಂದು ಗುಟ್ಟು ಇಲ್ಲಿ ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಭೆಗಳಲ್ಲಿ ಅತಿಥಿಗಳ ಭಾಷಣ ಉದ್ದವಾಗುತ್ತದೆ. ಊಟ ಆರುತ್ತದೆ, ಮಕ್ಕಳು ಬಿಸಿಲಲ್ಲಿ ಒಣಗುತ್ತಾರೆ. “ಸಾಕು ಕೂತ್ಕೊಳ್ಳಿ” ಅಂತ ದೊಡ್ಡವರಿಗೆ ಹೇಳುವ ಧೈರ್ಯ ಯಾರಿಗಿದೆ? ಆಗ ನಿರೂಪಣೆ ಮಾಡುವವರು ವೇದಿಕೆಯಿಂದ ನನ್ನ ಕಡೆ ಒಮ್ಮೆ ನೋಡುತ್ತಾರೆ, ಅಷ್ಟೇ. ನಾನು ಧ್ವನಿ ಹೆಚ್ಚುಕಡಿಮೆ ಮಾಡುವ ಮಿಕ್ಸರಿನ ಗುಂಡಿಯನ್ನು ಒಂಚೂರು ಏರಿಸಿ ‘ಕುಂಯ್’ ಅನ್ನಿಸುತ್ತೇನೆ. ಆಮೇಲೆ ಮೆಲ್ಲಗೆ ಇಳಿಸುತ್ತೇನೆ. ಅತಿಥಿಗಳು ಮೈಕನ್ನು ತಟ್ಟುತ್ತಾರೆ, ಹಾಲೋ ಅನ್ನುತ್ತಾರೆ, ಎರಡು ಮಾತಿನಲ್ಲಿ ಮುಗಿಸುತ್ತಾರೆ. ಬೈಗುಳ ನನ್ನ ಮೈಕಿಗೆ. ಆಮೇಲೆ ಊಟದ ಸಾಲಿನಲ್ಲಿ ಯಾರಾದರೂ ಬಂದು ಭುಜ ತಟ್ಟುತ್ತಾರೆ: “ಪುಣ್ಯ ಕಟ್ಕೊಂಡೆ ಮಾರಾಯ, ಇವತ್ತು ಪಾಯಸ ಬಿಸಿ ಇರುವಾಗ್ಲೇ ಸಿಕ್ತು.” ನಾವೆಲ್ಲ ನಗುತ್ತಿದ್ದೆವು. ಯಾರ ಮಾತು ಎಲ್ಲಿಗೆ ನಿಲ್ಲಬೇಕು ಅನ್ನುವುದು ನನ್ನ ಕೈಯಲ್ಲಿದೆ ಅಂತ ನನಗೊಂದು ಗರ್ವವೂ ಇತ್ತು — ಇಲ್ಲ ಅಂದರೆ ಸುಳ್ಳಾಗುತ್ತದೆ.

ಭುವನಾ ನನ್ನ ಮಗಳು ರಕ್ಷಿತಾಳ ಜೊತೆಯವಳು, ಒಂದೇ ಬೆಂಚು. ಅವಳಿಗೆ ತಂದೆ ಇಲ್ಲ. ತಾಯಿ ಸೆಲ್ವಿ ನ್ಯೂಟೌನಿನಲ್ಲಿ ಹೊಲಿಗೆ ಮಾಡುತ್ತಾರೆ. ಮನೆಯಲ್ಲಿ ತಮಿಳು; ಆದರೆ ಆ ಹುಡುಗಿ ಕನ್ನಡದಲ್ಲಿ ಮಾತಿಗೆ ನಿಂತರೆ ನಮ್ಮ ಮಕ್ಕಳು ಬಾಯಿಬಿಟ್ಟುಕೊಂಡು ಕೇಳಬೇಕು, ಹಾಗಿತ್ತು. ನಮ್ಮ ಮನೆಗೆ ಬಂದರೆ ಸುಮ್ಮನೆ ಕೂರುತ್ತಿರಲಿಲ್ಲ. “ಅಂಕಲ್, ಈ ಹಾರನ್ ಯಾಕೆ ಹೂವಿನ ಥರ ಇದೆ? ಚೌಕ ಇದ್ರೆ ಸೌಂಡ್ ಬರಲ್ವಾ?” ಅಂತ ತಲೆ ತಿನ್ನುತ್ತಿದ್ದಳು. ನಾನು ಕೆಲಸ ಮಾಡುತ್ತಲೇ ಉತ್ತರ ಹೇಳುತ್ತಿದ್ದೆ. “ಲಾಯರ್ ಆಗ್ತೀಯ ನೀನು. ಜಡ್ಜಿಗೂ ತಲೆನೋವು ಬರಿಸ್ತೀಯ” ಅಂದರೆ, “ಹೂಂ, ಆಗ್ತೀನಿ” ಅನ್ನುತ್ತಿದ್ದಳು.

ಆ ವರ್ಷ ಮಕ್ಕಳೆಲ್ಲ ಸೇರಿ ಒಂದು ಒಳ್ಳೆಯ ಕೆಲಸ ಮಾಡಿದರು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಗಲ್ಲಿಗಲ್ಲಿಗೆ ಹೋದರು. ಗ್ಯಾರೇಜು, ಹೋಟೆಲು, ಇಟ್ಟಿಗೆ ಗೂಡು — ಎಲ್ಲಿ ಯಾವ ಹುಡುಗ ಇದ್ದಾನೆ, ಯಾಕೆ ಬಿಟ್ಟ ಅಂತ ಕೇಳಿಕೊಂಡು ಬಂದರು. ಕೊನೆಗೆ ಒಂದು ಜಾಥಾ, ಅದು ಮುಗಿದ ಮೇಲೆ ಮೈದಾನದಲ್ಲಿ ಸಭೆ. ಇಲಾಖೆಯವರು ಬಂದಿದ್ದರು, ಪೋಷಕರು ಬಂದಿದ್ದರು. ಮಕ್ಕಳ ಪರವಾಗಿ ಭುವನಾಳ ಭಾಷಣ. ಅದೇ ಭಾಷಣವನ್ನು ಅವಳು ಶಿವಮೊಗ್ಗದ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲೂ ಮಾಡುವುದಿತ್ತು. ಹೆಡ್ ಮೇಡಂ ನನ್ನ ಹತ್ತಿರ ಬಂದು, “ಇವಳಿಗೆ ಚೆನ್ನಾಗಿ ಸೌಂಡ್ ಕೊಡಿ ನಾಗರಾಜಣ್ಣ. ಬರೆದಿದ್ದೆಲ್ಲ ಅವಳೇ, ನಾವ್ಯಾರೂ ಕೈ ಹಾಕಿಲ್ಲ” ಅಂದಿದ್ದರು. ನಾನೂ ಕೊಟ್ಟೆ. ಮೊದಲರ್ಧ ಅವಳ ಧ್ವನಿ ಕಾಂಪೌಂಡ್ ದಾಟಿ ರಸ್ತೆವರೆಗೆ ಹೋಗುತ್ತಿತ್ತು. ಆಟೋದವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು.

ಅವಳು ಹೇಳಿದಳು — ಒಂದೊಂದು ಅಕ್ಷರವೂ ನೆನಪಿದೆ — “ಶಾಲೆ ಬಿಟ್ಟವರು ಅಂದರೆ ಯಾರೋ ದೂರದವರಲ್ಲ. ಅವರು ನಮ್ಮ ನಡುವೆಯೇ ಇದ್ದಾರೆ. ಇವತ್ತು ಈ ಮೈಕ್ ಹಾಕಿರುವ ನಮ್ಮ ನಾಗರಾಜ ಅಂಕಲ್ ಕೂಡ—”

ನನ್ನ ಕೈ ಗುಂಡಿಯ ಮೇಲಿತ್ತು. ತಿರುಗಿಸಿದೆ.

ಯೋಚನೆ ಮಾಡಿ ಮಾಡಿದೆನೋ, ಕೈಗೆ ರೂಢಿಯಾಗಿತ್ತೋ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ರೂಢಿ ಅಂದುಕೊಂಡರೆ ಸ್ವಲ್ಪ ಹಗುರ. ಆದರೆ ಅತಿಥಿಗಳಿಗೆ ನಾನು ಮೆಲ್ಲಗೆ ಇಳಿಸುತ್ತಿದ್ದೆ. ಇವಳಿಗೆ ಒಂದೇ ಸಲಕ್ಕೆ ತಿರುಗಿಸಿದೆ. ಗೊತ್ತಿದ್ದೇ ತಿರುಗಿಸಿದೆ. ಬ್ಯಾಂಕಿನವರು ಎರಡನೇ ಸಾಲಿನಲ್ಲಿದ್ದರು. ಏಳನೇ ತರಗತಿಯ ಕಥೆ ನಮ್ಮಮ್ಮ ಮೊಮ್ಮಗಳಿಗೆ ಹೇಳಿದ್ದರು, ರಕ್ಷಿತಾ ಗೆಳತಿಗೆ ಹೇಳಿದ್ದಳು — ಅದೆಲ್ಲ ಆ ಒಂದು ಕ್ಷಣದಲ್ಲಿ ನನಗೆ ಹೊಳೆಯಿತು.

ಅವಳ ಬಾಯಿ ಆಡುತ್ತಿತ್ತು, ಧ್ವನಿ ಇರಲಿಲ್ಲ. ಮೈದಾನದ ಗದ್ದಲದಲ್ಲಿ ಮುಂದಿನವರಿಗೂ ಕೇಳಿಸಿರಲಾರದು. ಅವಳು ನಿಂತಳು. ಎಲ್ಲ ಮಕ್ಕಳೂ ಮಾಡುವ ಹಾಗೆ ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿದಳು, ಸ್ಟ್ಯಾಂಡ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ಮೇಜಿನ ಮೇಲೆ ಇನ್ನೊಂದು ಮೈಕ್ ಇತ್ತು. ಅದನ್ನು ತೆಗೆದುಕೊಂಡು, ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದೆ:

“ಅಯ್ಯೋ, ಮೈಕ್ ಎಳೀಬೇಡಮ್ಮ. ವೈರ್ ಕಿತ್ತು ಬಂತು ನೋಡು. ಹಾಳ್ ಮಾಡ್ಬಿಟ್ಯಲ್ಲ.”

ಮಕ್ಕಳು ಹೋ ಅಂತ ನಕ್ಕರು. ಯಾರೋ ಸಿಳ್ಳೆ ಹೊಡೆದರು. ಭುವನಾ ಎರಡೂ ಕೈಗಳನ್ನು ಮೈಕಿನಿಂದ ಹಿಂದಕ್ಕೆ ತೆಗೆದಳು — ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಕೈ ಹಾಗೇ ಗಾಳಿಯಲ್ಲಿ ಇತ್ತು. ಮೇಡಂ “ಮೈಕಿಲ್ದೆ ಜೋರಾಗಿ ಹೇಳು ಪುಟ್ಟಾ” ಅಂದರು. ಅವಳಿಂದ ಒಂದು ಮಾತೂ ಹೊರಡಲಿಲ್ಲ. ಮೆಟ್ಟಿಲು ಇಳಿದು, ಸಾಲಿನಲ್ಲಿ ಕೂರದೆ, ನೇರ ತರಗತಿ ಕೋಣೆಗೆ ಹೋದಳು. ನಾನು ವೈರ್ ಸರಿಮಾಡುವ ನಾಟಕ ಮಾಡಿ ಗುಂಡಿ ಏರಿಸಿದೆ. ಮುಂದಿನ ಅತಿಥಿಗಳು ಮಾತಾಡಿದರು. ಚೆನ್ನಾಗಿ ಕೇಳಿಸಿತು.

ಇಷ್ಟಕ್ಕೇ ಮುಗಿದಿದ್ದರೆ — ಇಲ್ಲ, ಇಷ್ಟೇ ಸಾಕಾಗಿತ್ತು. ಆದರೆ ಇಷ್ಟಕ್ಕೇ ಮುಗಿಯಲಿಲ್ಲ.

ಮರುದಿನ ಸಂಜೆ ಸೆಲ್ವಿ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಹಿಂದೆ ಭುವನಾ, ತಲೆ ತಗ್ಗಿಸಿಕೊಂಡು. “ಅಣ್ಣ, ಕೋಪ ಮಾಡ್ಕೋಬೇಡಿ. ಹುಡುಗಿ ಬೇಕಂತ ಮಾಡಿಲ್ಲ. ರಾತ್ರಿಯೆಲ್ಲ ಅತ್ತಿದ್ದಾಳೆ. ಮುರುಕ್ಕು ಮಾಡಿದ್ದೆ, ಮಕ್ಳಿಗೆ ಕೊಡಿ” ಅಂದರು. ಭುವನಾ ಮುಂದೆ ಬಂದು, “ಸಾರಿ ಅಂಕಲ್, ನಿಮ್ಮ ಮೈಕ್ ಹಾಳ್ ಮಾಡ್ಬಿಟ್ಟೆ” ಅಂದಳು.

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಿದ್ದರೆ ಎರಡು ನಿಮಿಷದ ಅವಮಾನ, ಅಷ್ಟೇ. ನಾನು ಏನು ಹೇಳಿದೆ ಗೊತ್ತೇ? “ಪರವಾಗಿಲ್ಲ ಬಿಡಮ್ಮ, ಮಕ್ಕಳಲ್ವ. ಸರಿ ಮಾಡಿದೀನಿ. ಇನ್ಮೇಲೆ ಜೋಪಾನ.” ಮಾಡದ ತಪ್ಪಿಗೆ ಆ ಹುಡುಗಿಯನ್ನು ಕ್ಷಮಿಸಿದೆ, ದೊಡ್ಡ ಮನುಷ್ಯನ ಹಾಗೆ. ಡಬ್ಬಿ ತೆಗೆದುಕೊಂಡೆ. ಮುರುಕ್ಕು ತಿಂದೆ ಕೂಡ. ಗುಂಡಿ ತಿರುಗಿಸಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ಭುವನಾ ಶಿವಮೊಗ್ಗದ ಸ್ಪರ್ಧೆಗೆ ಹೋಗಲಿಲ್ಲ. ಮೇಡಂ ಎಷ್ಟು ಹೇಳಿದರೂ ಒಲ್ಲೆ ಅಂದಳು. ಬೇರೆ ಹುಡುಗನನ್ನು ಕಳಿಸಿದರು. ಶಾಲೆಯಲ್ಲಿ ಹುಡುಗರು ಅವಳಿಗೆ ‘ಮ್ಯೂಟ್’ ಅಂತ ಹೆಸರಿಟ್ಟರು. “ಏ ಮ್ಯೂಟು, ಹಾಜರಿಗಾದ್ರೂ ಸೌಂಡ್ ಬರುತ್ತೇನೆ?” ಅಂತ ಛೇಡಿಸುತ್ತಿದ್ದರಂತೆ. ಮನೆಯಲ್ಲಿ ಊಟಕ್ಕೆ ಕೂತಾಗ ರಕ್ಷಿತಾ ಇದನ್ನು ಹೇಳಿ ಕಣ್ಣು ಒರೆಸಿಕೊಂಡಳು. ಮಗಳಿಗೆ ನಾನು ಹೇಳಿದ್ದು: “ಆ ಹುಡುಗಿ ಜೊತೆ ಜಾಸ್ತಿ ಸೇರ್ಬೇಡ. ಮನೆ ವಿಷಯ ಊರಿಗೆಲ್ಲ ಹೇಳ್ತಾಳೆ.” ಯಾವ ವಿಷಯ ಅಂತ ಮಗಳಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ನಿಧಾನವಾಗಿ ಬೆಂಚು ಬೇರೆಯಾಯಿತು. ಭುವನಾ ಹತ್ತನೇ ತರಗತಿ ಮುಗಿಸುವವರೆಗೂ ಪ್ರತಿ ಕಾರ್ಯಕ್ರಮದಲ್ಲೂ ಕೊನೆಯ ಸಾಲಿನಲ್ಲಿ ಕೂತಿರುತ್ತಿದ್ದಳು. ನಾನು ಮಿಕ್ಸರ್ ಮುಂದೆ ಕೂತು ಆ ಕಡೆ ನೋಡದೆ ಇರುವುದನ್ನು ಕಲಿತೆ.

ಇದನ್ನು ಹೀಗೇ ಸಾಯುವವರೆಗೂ ಇಟ್ಟುಕೊಳ್ಳುತ್ತಿದ್ದೆನೇನೋ. ಈ ವರ್ಷ ಶಿವಮೊಗ್ಗಕ್ಕೆ ಸ್ಪೀಕರ್ ಕೋನ್ ತರಲು ಹೋದವನು ವಾಪಸ್ ಬರುವಾಗ ಬಸ್ಸು ತುಂಬಿತ್ತು. ಕಾಲೇಜು ಬಿಡುವ ಹೊತ್ತು. “ಅಂಕಲ್, ಕೂತ್ಕೊಳ್ಳಿ” ಅಂತ ಒಬ್ಬಳು ಎದ್ದು ಜಾಗ ಕೊಟ್ಟಳು. ನೋಡಿದರೆ ಭುವನಾ. ಶಿವಮೊಗ್ಗದಲ್ಲಿ ಪಿಯುಸಿ, ದಿನಾ ಓಡಾಟ. ಬೇಡ ಅಂದರೂ ಕೂರಿಸಿದಳು. ಏನಾದರೂ ಮಾತಾಡಬೇಕಲ್ಲ, “ಲಾಯರ್ ಓದು ಎಲ್ಲೀವರೆಗೆ ಬಂತಮ್ಮ?” ಅಂದೆ, ನಗುತ್ತಾ.

“ಇಲ್ಲ ಅಂಕಲ್. ಕಾಮರ್ಸ್ ತಗೊಂಡೆ.”

“ಯಾಕೆ? ಅಷ್ಟು ಆಸೆ ಇತ್ತಲ್ಲ.”

“ಅದು ಮಾತಾಡೋ ಕೆಲಸ ಅಲ್ವಾ? ನಂಗಾಗಲ್ಲ. ಎದ್ದು ನಿಂತ್ರೆ ಏನೋ ಹಾಳ್ ಮಾಡ್ತೀನಿ ಅನ್ಸುತ್ತೆ.” ಇದನ್ನು ಅವಳು ದುಃಖದಿಂದ ಹೇಳಲಿಲ್ಲ. ತನ್ನ ಎತ್ತರ ಇಷ್ಟು, ತೂಕ ಇಷ್ಟು ಅನ್ನುವ ಹಾಗೆ ಹೇಳಿದಳು. ಅವಳು ಕೊಟ್ಟ ಸೀಟಿನಲ್ಲಿ ನಾನು ಭದ್ರಾವತಿವರೆಗೂ ಕೂತಿದ್ದೆ. ಅವಳು ಕಂಬಿ ಹಿಡಿದು ನಿಂತಿದ್ದಳು.

ಆ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಮೊದಲು ರಕ್ಷಿತಾಳಿಗೆ ಎಲ್ಲ ಹೇಳಿಯೇ ಹೋದೆ. ಅವಳು ಎಲ್ಲ ಕೇಳಿ, “ಅಪ್ಪಾ, ನೀನು ಏಳನೇ ಕ್ಲಾಸು ಅನ್ನೋದು ಗುಟ್ಟು ಅಂತ ನಂಗೆ ಯಾರು ಹೇಳಿದ್ರು?” ಅಂದಳು.

ಸೆಲ್ವಿ ಹೊಲಿಯುತ್ತಿದ್ದರು. ಕುರ್ಚಿ ಎಳೆದು ಕೊಟ್ಟರು, ನಾನು ಕೂರಲಿಲ್ಲ. ನಿಂತೇ ಹೇಳಿದೆ. ಒಂದೇ ಉಸಿರಿಗೆ ಹೇಳುತ್ತೇನೆ ಅಂದುಕೊಂಡಿದ್ದೆ. ಆಗಲಿಲ್ಲ, ನಡುನಡುವೆ ನಿಂತಿತು. ಮಿಷನ್ ನಿಂತಿದ್ದು ಯಾವಾಗ ಅಂತ ಗೊತ್ತಾಗಲಿಲ್ಲ. ಸೆಲ್ವಿ ತಮಿಳಿನಲ್ಲಿ ತಮ್ಮಷ್ಟಕ್ಕೇ ಏನೋ ಅಂದರು. ಆಮೇಲೆ ಕನ್ನಡದಲ್ಲಿ, “ನಾನು ನಿಮ್ಮ ಅಂಗಡೀಗೆ ಬಂದು ಕೈ ಮುಗಿದಿದ್ದೆ ಅಣ್ಣ” ಅಂದರು. ಅಷ್ಟೇ.

ಭುವನಾ ಬಾಗಿಲ ಹತ್ತಿರ ನಿಂತಿದ್ದಳು. “ಹಾಗಾದ್ರೆ ನಾನು ವೈರ್ ಎಳೀಲಿಲ್ವಾ?”

“ಇಲ್ಲಮ್ಮ.”

“ಆದ್ರೆ ಸ್ಟ್ಯಾಂಡ್ ಎಳ್ಕೊಂಡಿದ್ದೆ. ನಂಗೆ ಗೊತ್ತು, ಎಳ್ಕೊಂಡಿದ್ದೆ.”

“ಅದಕ್ಕೂ ಮುಂಚೆ ನಾನು ಸೌಂಡ್ ತೆಗ್ದಿದ್ದೆ. ನೀನು ಏನೂ ಹಾಳ್ ಮಾಡ್ಲಿಲ್ಲ.”

ಅವಳು ತನ್ನ ಕೈ ನೋಡಿಕೊಂಡಳು. ಇಷ್ಟು ವರ್ಷ ನಂಬಿದ್ದನ್ನು ಒಂದು ಮಾತಿಗೆ ಬಿಟ್ಟುಕೊಡಲು ಆಗುವುದಿಲ್ಲ ಅಂತ ಆಗ ಗೊತ್ತಾಯಿತು ನನಗೆ. ನಾನು ಹೇಳಿದೊಡನೆ ಅವಳ ಭಾರ ಇಳಿಯುತ್ತದೆ ಅಂದುಕೊಂಡು ಹೋಗಿದ್ದೆ. ಅದೂ ಒಂದು ಗರ್ವವೇ.

ನಾಚಿಕೆ ಬಿಟ್ಟು ಕೇಳಿದೆ — ಕೇಳಬಾರದಿತ್ತು — “ಆವತ್ತು ನನ್ನ ಬಗ್ಗೆ ಮುಂದೆ ಏನು ಹೇಳೋಳಿದ್ದೆಯಮ್ಮ?”

ಅವಳು ತಲೆ ಎತ್ತಿದಳು. ಎಂಟನೇ ತರಗತಿಯ ಆ ಹುಡುಗಿಯ ಕಣ್ಣು ಒಂದು ಕ್ಷಣ ಕಂಡಿತು. “ನೆನಪಿದೆ. ಆದ್ರೆ ನಿಮ್ಗೆ ಹೇಳಲ್ಲ” ಅಂದಳು. “ಕೇಳೋ ಹೊತ್ತಲ್ಲಿ ನೀವು ಕೇಳ್ಲಿಲ್ಲ.”

ನಾನು ಹೊರಡಲು ತಿರುಗಿದಾಗ ಅವಳೇ ಕರೆದಳು. “ಅಂಕಲ್, ನನ್ನಿಂದ ಹಾಳಾಯ್ತು ಅಂತ ಆವತ್ತು ಎಲ್ರ ಮುಂದೆ ಹೇಳಿದ್ರಿ. ಈಗ ನಮ್ಮನೇಲಿ ಬಾಗಿಲು ಹಾಕ್ಕೊಂಡು ಹೇಳ್ತಿದ್ದೀರಿ.”

ಅದಕ್ಕೇ ಇದು ಇಲ್ಲಿದೆ. ಅವಳ ಹೆಸರು ಬದಲಿಸಲೇ ಅಂತ ಕೇಳಿ ಕಳಿಸಿದ್ದೆ. “ಮ್ಯೂಟ್ ಅಂದಿದ್ದು ನನ್ನನ್ನೇ, ನನ್ನ ಹೆಸರೇ ಇರ್ಲಿ” ಅಂದಳಂತೆ. ರಕ್ಷಿತಾ ಬಂದು ತಿಳಿಸಿದಳು. ಇಬ್ಬರೂ ಈಗ ಮತ್ತೆ ಮಾತಾಡುತ್ತಾರೆ. ಅದು ಅವರಾಗಿಯೇ ಸರಿಮಾಡಿಕೊಂಡದ್ದು, ಅದರಲ್ಲಿ ನನ್ನ ಪಾಲು ಇಲ್ಲ.

ಇಲ್ಲಿವರೆಗೆ ಬರೆದದ್ದನ್ನು ಹೆಡ್ ಮೇಡಂಗೆ ಕೊಟ್ಟಾಗ ಅವರು ಓದಿ ಕನ್ನಡಕ ತೆಗೆದಿಟ್ಟರು. “ಇದನ್ನ ಹಾಕಿದ್ರೆ ನಾಳೆ ಮಕ್ಕಳು ನಿಮ್ಮನ್ನ ಹೇಗೆ ನೋಡ್ತಾರೆ ಅಂತ ಯೋಚನೆ ಮಾಡಿದೀರಾ?” ಮಾಡಿದ್ದೇನೆ ಅಂದೆ. “ಸಮಿತಿ?” ಬಿಟ್ಟಿದ್ದೇನೆ ಅಂದೆ. ಅವರು ಬೇಡ ಅನ್ನಲಿಲ್ಲ.

ಬ್ಯಾಂಕಿನವರಿಗೂ ಇಲ್ಲೇ ಹೇಳುತ್ತೇನೆ: ನಾನು ಎಸ್‌ಎಸ್‌ಎಲ್‌ಸಿ ಅಲ್ಲ. ಏಳನೇ ತರಗತಿ, ಅದೂ ಅರ್ಧ. ಈ ಬರಹದ ಒತ್ತಕ್ಷರಗಳನ್ನು ಮಗಳು ತಿದ್ದಿದ್ದಾಳೆ, ಮಾತು ನನ್ನದೇ. ಇದರಲ್ಲಿ ಎಲ್ಲೂ ಕ್ಷಮಿಸು ಅಂತ ಕೇಳಿಲ್ಲ. ಕೇಳಿದರೆ ಅವಳು ಕೊಡಬೇಕೋ ಬೇಡವೋ ಅಂತ ಅವಳಿಗೆ ಇನ್ನೊಂದು ಸಂಕಟ.

ಮೊನ್ನೆ ಮತ್ತೆ ಶಿವಮೊಗ್ಗದಿಂದ ಬರುವಾಗ ಅದೇ ಹೊತ್ತಿನ ಬಸ್ಸು ಸಿಕ್ಕಿತು. ಹಿಂದಿನ ಸೀಟುಗಳಲ್ಲಿ ಕಾಲೇಜು ಹುಡುಗಿಯರ ಗುಂಪು, ನಡುವೆ ಭುವನಾ. ಯಾವುದೋ ಲೆಕ್ಚರರ್ ನಡೆಯುವ ರೀತಿ, ಮಾತಾಡುವ ರೀತಿ ಮಾಡಿ ತೋರಿಸುತ್ತಿದ್ದಳು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಂಡಕ್ಟರೂ ಟಿಕೆಟ್ ಬಿಟ್ಟು ನೋಡುತ್ತಿದ್ದ. ಅಷ್ಟರಲ್ಲಿ ಅವಳು ನನ್ನನ್ನು ನೋಡಿದಳು. ಮಾತು ಅಲ್ಲಿಗೇ ನಿಂತಿತು.

ಭದ್ರಾವತಿ ಇನ್ನೂ ದೂರ ಇರುವಾಗಲೇ, ಮಾಚೇನಹಳ್ಳಿಯಲ್ಲಿ ಇಳಿದುಬಿಟ್ಟೆ. ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ನಗು ಮತ್ತೆ ಶುರುವಾಯಿತೋ ಇಲ್ಲವೋ, ಲಾರಿಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಈಗ ನಾನು ಶಿವಮೊಗ್ಗದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿಕೊಂಡು ಬರುತ್ತೇನೆ. ಕಾಲೇಜು ಬಿಡುವ ಹೊತ್ತಿನ ಬಸ್ಸು ಹತ್ತುವುದಿಲ್ಲ.